ಮುನಿದ ಮನೆಗೆ ಮೊದಲ ಕರೆ

"ಗುರುಗಳೇ, ತಪ್ಪು ಮಾಡಿದವನು ಒಳ್ಳೆಯ ದಿನ ನೋಡಿ ಮಾತಾಡಿಸಿದರೆ ಸಾಲದೇ?" ಎಂದು ಮರಿದೇವ ಕೇಳಿದ.

ಜೊತೆಯ ಶಿಷ್ಯ ಗುರುಪಾದನೊಂದಿಗೆ ಅವನು ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಇಬ್ಬರೂ ಮಠದ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ರಾಜಿಯಾಗುವುದೆಂದು ಮರಿದೇವ ಯೋಚಿಸಿದ್ದ. ಸಂಕ್ರಾಂತಿಗೆ ಇನ್ನೂ ಮೂರು ತಿಂಗಳಿತ್ತು.

"ಎಳ್ಳು ಹುರಿಯಲು ಬೇಕಾದಷ್ಟು ಸಮಯವಿದೆ, ಕೂತುಕೋ" ಎಂದು ಗುರುಗಳು ನಕ್ಕು, ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಕಂಚುಗಾರರ ಓಣಿ ಎಂಬ ಓಣಿಯಿತ್ತು. ಮನೆಗೆ ಮನೆ ತಾಗಿಕೊಂಡಿತ್ತು. ಒಬ್ಬರ ಮನೆಯ ಒಗ್ಗರಣೆಗೆ ಇನ್ನೊಬ್ಬರ ಮನೆಯಲ್ಲಿ ಸೀನು ಬರುತ್ತಿತ್ತು. ಇಷ್ಟು ಒತ್ತಾಗಿ ಬದುಕಿದರೆ ಜಗಳ ಬಾರದೆ ಇರುತ್ತದೆಯೇ? ನಲ್ಲಿಯ ನೀರಿಗೆ, ಗೋಡೆಯ ಸುಣ್ಣಕ್ಕೆ, ಮಕ್ಕಳ ಆಟಕ್ಕೆ, ಎಲ್ಲಕ್ಕೂ ಜಗಳವಾಗುತ್ತಿತ್ತು. ಆದರೆ ಆ ಓಣಿಯ ಹಿರಿಯರು ಬಲು ಜಾಣರು. ಬಹಳ ಹಿಂದೆಯೇ ಒಂದು ಕಟ್ಟಳೆ ಮಾಡಿಟ್ಟಿದ್ದರು. ಯಾರ ಮನೆಯಲ್ಲಿ ಶುಭಕಾರ್ಯವಾದರೂ ಮೊದಲ ಕರೆ ಮುನಿದ ಮನೆಗೆ ಹೋಗಬೇಕು. ಮನೆಯ ಯಜಮಾನನೇ ಅಕ್ಷತೆ ಹಿಡಿದು ಹೋಗಿ ಕರೆಯಬೇಕು. ಕರೆದ ಮೇಲೆ ಅವರು ಬರಲೇಬೇಕು, ಉಣ್ಣಲೇಬೇಕು. ಆ ಕರೆ ಮುಟ್ಟುವವರೆಗೆ ಓಣಿಯಲ್ಲಿ ಇನ್ಯಾರೂ ಅಕ್ಷತೆ ತೆಗೆದುಕೊಳ್ಳುತ್ತಿರಲಿಲ್ಲ. "ಮುನಿದ ಮನೆಗೆ ಹೋಗಿ ಬಂದಿರಾ?" ಎಂದು ಕೇಳಿಯೇ ಕೈ ಚಾಚುತ್ತಿದ್ದರು. ಹೀಗಾಗಿ ಅಲ್ಲಿ ಯಾವ ಜಗಳಕ್ಕೂ ಒಂದು ಮದುವೆಗಿಂತ ಹೆಚ್ಚು ಆಯುಸ್ಸಿರಲಿಲ್ಲ.

ಆ ಓಣಿಯಲ್ಲಿ ಒಬ್ಬ ಕಂಚುಗಾರನಿದ್ದ. ಅವನ ಎದುರು ಮನೆಯಲ್ಲಿ ಒಬ್ಬ ಕಲಾಯಿಗಾರ. ಇವನು ಹಿತ್ತಾಳೆಯ ಕೊಳಗ, ತಪ್ಪಲೆ ಮಾಡುವನು. ಅವನು ಅದರ ಒಳಮೈಗೆ ತವರ ಬಳಿದು ಬೆಳ್ಳಗೆ ಮಾಡುವನು. ಬೆಳಗಿನ ಕಾಫಿಯನ್ನು ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಕುಡಿಯುತ್ತಿದ್ದರು.

ಒಂದು ದಿನ ಮದುವೆ ಮನೆಯವರು ಕಂಚುಗಾರನಲ್ಲಿ ಕೊಂಡ ಹೊಸ ಕೊಳಗವನ್ನು ಕಲಾಯಿಗೆ ತಂದರು. ಕಲಾಯಿಗಾರ ಅದನ್ನು ಕೆಂಡದ ಮೇಲೆ ತಿರುಗಿಸಿ ನೋಡಿ, "ತಳದ ಬೆಸುಗೆ ಬಿಟ್ಟಿದೆ, ಎದುರು ಅಂಗಡೀಲೇ ಸರಿ ಮಾಡಿಸ್ಕೊಂಡು ಬನ್ನಿ" ಎಂದ. ಆ ಓಣಿಯಲ್ಲಿ ಪಿಸುಮಾತೂ ಕೇಳುತ್ತದೆ. ನಾಲ್ಕು ಜನ ಗಿರಾಕಿಗಳ ಮುಂದೆ ಕಂಚುಗಾರನ ಮುಖ ಸಣ್ಣದಾಯಿತು.

"ನನ್ನ ಬೆಸುಗೆ ನೋಡೋಕೆ ನೀನ್ಯಾರಯ್ಯ? ಬಳಿಯೋದು ನಿನ್ನ ಕೆಲಸ. ಸುಮ್ನೆ ಬಳಿ!" ಎಂದು ಕೂಗಿದ.

ಕಲಾಯಿಗಾರ ಕೊಳಗವನ್ನು ಕೆಳಗಿಟ್ಟು ಒಳಗೆ ಹೋದ.

ಸಂಜೆ ಕಂಚುಗಾರ, ಮದುವೆ ಮನೆಯವರು ತನ್ನಲ್ಲಿ ಬಿಟ್ಟುಹೋದ ಆ ಕೊಳಗಕ್ಕೆ ನೀರು ತುಂಬಿ ನೋಡಿದ. ತಳ ಸೋರುತ್ತಿತ್ತು. ಯಾರಿಗೂ ಹೇಳದೆ ಬೆಸೆದು ಕಳಿಸಿದ. ತಪ್ಪು ತನ್ನದೇ ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಹೋಗಿ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಕಟ್ಟಳೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ಕಲಾಯಿಗಾರನ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಇನ್ನು ಶುಭಕಾರ್ಯವೆಂಬುದಿಲ್ಲ. ಕರೆ ಹೋಗುವುದಿದ್ದರೆ ಕಂಚುಗಾರನ ಮನೆಯಿಂದಲೇ ಹೋಗಬೇಕು. ಇದು ಓಣಿಗೆಲ್ಲ ಗೊತ್ತಿತ್ತು.

ವರ್ಷ ತುಂಬುವುದರೊಳಗೆ ಮಗನ ಜವಳ ಬಂತು. ಕಂಚುಗಾರ ಮನೆದೇವರ ಊರಿಗೆ ಹೋಗಿ ತೆಗೆಸಿಕೊಂಡು ಬಂದ. ಎರಡನೆಯ ಮಗನ ನಾಮಕರಣ ಹೆಂಡತಿಯ ತವರಿನಲ್ಲಿ ಆಯಿತು. ಮಾಳಿಗೆಯ ಮೇಲೆ ಕೋಣೆ ಕಟ್ಟಿಸಿದಾಗ ಮನೆಯವರಷ್ಟೇ ಹಾಲು ಉಕ್ಕಿಸಿ ಮುಗಿಸಿದರು. ಓಣಿಯವರಿಗೆ ಅರ್ಥವಾಗದೆ ಇರಲಿಲ್ಲ. ಆದರೂ ಯಾರೂ ಬಾಯಿ ಬಿಡಲಿಲ್ಲ.

ಹೆಂಡತಿ ಮಾತ್ರ ಸುಮ್ಮನಿರಲಿಲ್ಲ. "ಎದುರು ಮನೆ ಅಣ್ಣನ್ನ ಹಾಗೇ ಹೋಗಿ ಮಾತಾಡಿಸ್ಬಾರ್ದಾ? ಅದಕ್ಕೂ ಒಂದು ಕಾರ್ಯಾನೇ ಬೇಕಾ?" ಎಂದಳು.

"ಮಗಳ ಮದುವೆ ಬರ್ಲಿ ಕಣೇ. ಓಣಿಯೆಲ್ಲ ನೋಡೋ ಹಾಗೆ ಮೊದಲ ಅಕ್ಷತೆ ಅವನಿಗೇ ಕೊಡ್ತೀನಿ. ಸಣ್ಣಪುಟ್ಟದಕ್ಕೆ ಕರೆದ್ರೆ ಅವನಿಗೇನು ಮರ್ಯಾದೆ?"

ಇದನ್ನು ಅವನು ನುಣುಚಿಕೊಳ್ಳಲು ಹೇಳಲಿಲ್ಲ. ನಂಬಿಯೇ ಹೇಳಿದ. ಯಾವ ಮಾತು ಹೇಳಿ ಕರೆಯಬೇಕೆಂದು ಕೆಲಸದ ನಡುವೆ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ. ಆ ದಿನವನ್ನು ನೆನೆದು ಹಿಗ್ಗುತ್ತಿದ್ದ. ಹಿಗ್ಗಿ ಹಿಗ್ಗಿ, ಮಾಡಬೇಕಾದ್ದನ್ನು ಮಾಡಿಯೇ ಬಿಟ್ಟೆನೆಂಬಷ್ಟು ಮನಸ್ಸು ಹಗುರವಾಗುತ್ತಿತ್ತು. ಇಷ್ಟು ಸುಖದ ಸೋಮಾರಿತನ ಮನುಷ್ಯನಿಗೆ ಇನ್ನೊಂದಿಲ್ಲ.

ಅಷ್ಟರಲ್ಲಿ ಸ್ಟೀಲ್ ಪಾತ್ರೆ ಬಂತು. ಕಲಾಯಿ ಕೇಳುವವರು ಕಡಿಮೆಯಾದರು. ಓಣಿಯ ಅರ್ಧದಷ್ಟು ಕುಲುಮೆಗಳು ಆರಿದವು. ಕಂಚುಗಾರನೂ ಅಂಗಡಿಯಲ್ಲಿ ಸ್ಟೀಲ್ ತಂದಿಟ್ಟ. ಎದುರು ಜಗಲಿಯಲ್ಲಿ ಕಲಾಯಿಗಾರ ಕೆಲಸವಿಲ್ಲದೆ ಕೂತಿರುವುದು ದಿನವೂ ಕಾಣುತ್ತಿತ್ತು. ಕಂಡಾಗಲೆಲ್ಲ ಇವನು ಪಾತ್ರೆ ಒರೆಸುವ ನೆಪದಲ್ಲಿ ತಲೆ ಬಗ್ಗಿಸುತ್ತಿದ್ದ.

ಜಗಳವಾಗಿ ಹದಿನಾಲ್ಕನೆಯ ವರ್ಷಕ್ಕೆ ಮಗಳಿಗೆ ಗಂಡು ಗೊತ್ತಾಯಿತು. ಮದುವೆಗೆ ದಿನ ಇಟ್ಟ ಮೂರನೆಯ ದಿನವೇ ಕಲಾಯಿಗಾರ ಜ್ವರದಲ್ಲಿ ತೀರಿಕೊಂಡ. ಸಾವಿಗೆ ಆ ಓಣಿಯಲ್ಲಿ ಕರೆಯಿಲ್ಲ. ಎಲ್ಲರೂ ತಾವಾಗಿ ಹೋಗುತ್ತಾರೆ. ಕಂಚುಗಾರನೂ ಹೋದ, ಹೆಗಲು ಕೊಟ್ಟ. ಜಗಳವಾದ ಮೇಲೆ ಆ ಹೊಸಿಲು ದಾಟಿದ್ದು ಅದೇ ಮೊದಲು.

ತಿಂಗಳು ಕಳೆದು, ಮದುವೆಗೆ ಕರೆಯುವ ದಿನ ಬಂತು. ಕಂಚುಗಾರ ಹೊಸ ಪಂಚೆ ಉಟ್ಟು, ಅಕ್ಷತೆಯ ಬಟ್ಟಲು ಹಿಡಿದು ಹೊರಬಂದ. ಕಾಲು ತಾನಾಗಿ ಎದುರು ಮನೆಗೆ ಹೋಯಿತು. ಬಾಗಿಲಿಗೆ ಬೀಗ ಹಾಕಿತ್ತು. ಮುಂದಿನ ಮನೆಗೆ ಹೋಗಲೂ ಮನಸ್ಸಾಗಲಿಲ್ಲ, ವಾಪಸು ಹೋಗಲೂ ಮನಸ್ಸಾಗಲಿಲ್ಲ. ಅಲ್ಲೇ ನಿಂತುಬಿಟ್ಟ.

ಪಕ್ಕದ ಮನೆಯ ಅಜ್ಜಿ ತನ್ನ ಜಗಲಿಯಿಂದ ನೋಡಿ, "ಯಾರನ್ನ ಕರೀತೀಯಪ್ಪಾ ಅಲ್ಲಿ?" ಎಂದಳು.

"ಈ ಸಲ ಖಂಡಿತ ಕರೀಬೇಕು ಅಂತಿದ್ದೆ ಅಜ್ಜಿ."

"ಕರೀತಾನೆ ಅಂತ ಅವನೂ ಹೇಳ್ತಿದ್ದ. ನಿಮ್ಮನೇಲಿ ಕಾರ್ಯ ಅಂತ ಸುದ್ದಿ ಬಿದ್ದಾಗೆಲ್ಲ ಅವತ್ತು ಕುಲುಮೆ ಹಚ್ತಿರ್ಲಿಲ್ಲ. ಅಕ್ಷತೆ ಇಸ್ಕೊಳ್ಳೋ ಕೈಗೆ ಮಸಿ ಇರ್ಬಾರ್ದು ಅಂತ ಸೀಗೆಪುಡಿ ಹಾಕಿ ತಿಕ್ಕಿ ತೊಳ್ಕೊಂಡು, ಒಗೆದ ಅಂಗಿ ಹಾಕ್ಕೊಂಡು ಮಧ್ಯಾಹ್ನದ ತನಕ ಬಾಗಿಲಲ್ಲೇ ಕೂತಿರ್ತಿದ್ದ. ಮೂರು ಸಲಾನೂ ಕೂತಿದ್ದ ಕಣಪ್ಪಾ."

ಕಂಚುಗಾರ ಆ ಹೊಸಿಲ ಮೇಲೆ ಕುಸಿದು ಕೂತ. ಮಗಳ ಮದುವೆಯ ಕರೆ ಹೊತ್ತು ಹೊರಟವನು ಅಳಬಾರದು. ಆದರೂ ಅತ್ತ. ಓಣಿಯವರು ಒಬ್ಬೊಬ್ಬರಾಗಿ ಬಂದು ಬಟ್ಟಲಿನಿಂದ ತಾವೇ ಅಕ್ಷತೆ ತೆಗೆದುಕೊಂಡು ಹೋದರು. ಮುನಿದ ಮನೆಗೆ ಹೋಗಿ ಬಂದೆಯಾ ಎಂದು ಯಾರೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಮದುವೆ ನಡೆಯಿತೇ, ಗುರುಗಳೇ?" ಎಂದು ಮರಿದೇವ ಕೇಳಿದ.

"ನಡೆಯಿತು. ಓಣಿಯೆಲ್ಲ ಬಂದು ಉಂಡು ಹೋಯಿತು" ಎಂದು ಗುರುಗಳು ಮೇಲೆದ್ದರು. ಮರಿದೇವ ಇನ್ನೂ ಕೂತೇ ಇದ್ದ. ಅವನನ್ನು ನೋಡಿ ಹೇಳಿದರು:

"ಆ ಓಣಿಯ ಅಗಲ ಎಂಟು ಹೆಜ್ಜೆ, ಮರಿದೇವ."