ಚೊಕ್ಕಟ ಕಡಲು

ಆ ವರ್ಷ ಮಳೆಗಾಲದ ಗಾಳಿ ಬಂದಾಗ, ಬಿಸಿಲಿಗೆ ಕಾದಿದ್ದ ಕಡಲಿನ ಮೇಲ್ನೀರು, "ಕೆಳಗಿನ ತಣ್ಣೀರನ್ನು ಕಲಕಬೇಡಪ್ಪ, ನಾನು ಕದಡಿಹೋಗುತ್ತೇನೆ" ಎಂದಿತು. ಗಾಳಿ ಮೆಲ್ಲಗೆ ಮೈಸವರಿ ಹೊರಟುಹೋಯಿತು. ಪಾಚಿಗೆ ಬೇಕಾದ ಸಾರವೆಲ್ಲ ಆಳದಲ್ಲೇ ಉಳಿದು, ಮೇಲೆ ಪಾಚಿಯೇ ಹುಟ್ಟಲಿಲ್ಲ.

ಮರಿಗಳನ್ನು ಕಟ್ಟಿಕೊಂಡು ಅಲೆದು ಸೋತ ಬೂತಾಯಿ ಮೀನು ಮೇಲ್ನೀರನ್ನು ಕೇಳಿತು: "ಅಕ್ಕಾ, ಮಕ್ಕಳಿಗೆ ಒಂದು ತುತ್ತು ಪಾಚಿಯೂ ಇಲ್ಲವಲ್ಲ?"

"ಪಾಚಿಯೇ? ನಾನೆಷ್ಟು ತಿಳಿಯಾಗಿದ್ದೇನೆ ನೋಡೇ! ಇಣುಕಿದರೆ ಆಳದವರೆಗೆ ಕಾಣುತ್ತದೆ."

"ಒಲೆ ಹಚ್ಚದ ಮನೆಯೂ ಹೀಗೇ ಚೊಕ್ಕಟವಾಗಿರುತ್ತದೆ. ಗಾಳಿಯಣ್ಣನನ್ನು ಕರೆ, ಬಂದು ಕಲಕಲಿ."

"ಕರೆದರೆ ನನ್ನ ಅಂದ ಕೆಡುತ್ತದೆ" ಎಂದಿತು ಮೇಲ್ನೀರು.

ಬೂತಾಯಿ ಹಿಂತಿರುಗಿ ನೋಡಿತು. ಕಿರಿಯ ಮರಿ ಈಜುವುದನ್ನು ನಿಲ್ಲಿಸಿತ್ತು. ಅದು ಮೆಲ್ಲಗೆ ಕೆಳಗಿಳಿಯುತ್ತ ಹೋದದ್ದು, ಆ ತಿಳಿನೀರಿನಲ್ಲಿ, ತಾಯಿಗೆ ಬಹಳ ಆಳದವರೆಗೂ ಕಾಣಿಸಿತು.