ಇದ್ದೀರಾ?

ಇಂಥ ಮಗನ್ನ ಹೆತ್ತ ತಾಯಿ ದಿನಾ ಹಣೆ ಚಚ್ಚಿಕೊಂಡ್ರೆ ಹಣೆಯದೇನು ತಪ್ಪು, ಹೇಳಿ! ಹಾಲಮ್ಮನ ಮಗ ಕೊಟ್ರೇಶ. ಆಳು ಆರಡಿ, ತಲೆ ಬರೀ ಬುರುಡೆ. ಹಾಲಮ್ಮ ಅಡುಗೆ ಮಾಡ್ತಿದ್ದ ಮನೆ ಸಾಹುಕಾರ ಚನ್ನವೀರಪ್ಪನ ಕಾಲು ಹಿಡಿದು, ಅವರ ಪಾರ್ಸೆಲ್ ಆಫೀಸಲ್ಲಿ ಇವನ್ನ ಕಂಪ್ಯೂಟರ್ ಮುಂದೆ ಕೂರಿಸಿದ್ಲು.

"ಇವನು ಕೆಡಿಸಿದ್ರೆ ನಿನ್ನ ಕೆಲಸಾನೂ ಹೋಯ್ತು, ಹಾಲಮ್ಮ!" ಅಂದ್ರು ಸಾಹುಕಾರ್ರು.

ಮೊದಲ ದಿನವೇ ಕೊಟ್ರೇಶ ಬೀದಿ ನೋಡ್ತಾ ಬಾಯಿ ಬಿಟ್ಕೊಂಡು ಕೂತ. ಯಾರೂ ಮುಟ್ಟದ ಕಂಪ್ಯೂಟರ್ ತಾನಾಗೇ ಮುಚ್ಕೊಂಡ್ತು. ಸಾಹುಕಾರ್ರು ಉಗಿದ್ರು. ಮನೇಲಿ ಅವ್ವ ಉಗಿದ್ಲು: "ಮೌಸಿನ ಮೇಲಿಂದ ಕೈ ತೆಗೀಬೇಡ ಕಣೋ, ದಂಡಪಿಂಡ!"

ಸರಿ, ತೆಗೀಲಿಲ್ಲ! ಮಾರನೇ ದಿನ ಬಾಳೆಗೊನೆ ಲೋಡು ಬಂತು.

"ಇಳಿಸ್ಕೊಳ್ಳೋ!" ಅಂದ ಡ್ರೈವರು.

"ಕೈ ತೆಗೆಯೋ ಹಂಗಿಲ್ಲ!"

ಡ್ರೈವರು ಬೈಕೊಂಡು ಗೊನೆಯೆಲ್ಲ ಬೀದಿಗೇ ಇಳಿಸಿ ಹೋದ. ಬೀದಿ ಗೂಳಿಗೆ ಅವತ್ತು ಹಬ್ಬದೂಟ.

"ಕಂಪ್ಯೂಟರ್ ಮುಚ್ಕೊಂಡ್ರೆ ಮುಚ್ಕೊಳ್ಳಲಿ ಬಿಡೋ!" ಸಾಹುಕಾರ್ರು ಕಿರುಚಿದ್ರು. "ಸುಮ್ನೆ ಕೂತೋರನ್ನ ಹೊರಗೆ ಹಾಕೋದೇ ಅದರ ಕಾಯ್ದೆ! ಇಲ್ದಿದ್ರೆ ಕಂಡೋರೆಲ್ಲ ಬಂದು ಕೈಯಾಡಿಸ್ತಾರೆ!"

"ಆಫೀಸಿನ ಕಾಯ್ದೆ ಹೆಂಗೋ ಹಂಗೇ ನಡ್ಕೋ, ನನ್ನಪ್ಪಾ!" ಅಂತ ಅವ್ವ ಕೈ ಮುಗಿದ್ಲು.

ನಡ್ಕೊಂಡ! ಮಾರನೇ ದಿನ ಸಾಹುಕಾರ್ರ ಮಾವ ಬಂದು ಬೆಂಚಿನ ಮೇಲೆ ತೂಕಡಿಸ್ತಿದ್ರು. ಕೈಯಾಡ್ತಿಲ್ಲ, ಕಾಲಾಡ್ತಿಲ್ಲ. ಕೊಟ್ರೇಶ ಅನಾಮತ್ತಾಗಿ ಎತ್ತಿ ಬೀದಿಗೆ ಹಾಕಿದ. ಮುದುಕರ ಪೇಟ ಚರಂಡಿಗೆ ಬಿತ್ತು.

ಸಾಹುಕಾರ್ರಿಗೆ ಮೈಯೆಲ್ಲ ಉರಿದೋಯ್ತು. "ಲೇ ಕತ್ತೆ! ಮೆಷಿನ್ನು ಕೂಡ ಹೊರಗೆ ಹಾಕೋ ಮುಂಚೆ 'ಇದ್ದೀರಾ?' ಅಂತ ಕೇಳುತ್ತೆ! ಪಾಸ್‌ವರ್ಡ್ ಹೇಳಿದ್ರೆ ಮತ್ತೆ ಒಳಗೆ ಬಿಡುತ್ತೆ, ಮೂರು ಸಲ ತಪ್ಪಿದ್ರೇನೇ ನಾಳೆ ಬಾ ಅನ್ನುತ್ತೆ! ಅದನ್ನ ನೋಡಿಯಾದ್ರೂ ಕಲಿ! ಹೋಗು, ನಿಮ್ಮವ್ವನೂ ನಾಳೆಯಿಂದ ಬರೋದು ಬೇಡ!"

ಸುದ್ದಿ ಕೇಳಿದ ಹಾಲಮ್ಮನಿಗೆ ಬೈಯೋಕೂ ಬಾಯಿ ಬರಲಿಲ್ಲ. ಅನ್ನ ಹೋಯ್ತಲ್ಲಾ ಅಂತ ತಲೆ ಮೇಲೆ ಕೈ ಹೊತ್ತು ಗೋಡೆಗೆ ಒರಗಿದ್ಲು.

"ಅವ್ವಾ, ಇದ್ದೀಯಾ?"

ಮಾತಿಲ್ಲ.

"ಇದ್ದೀಯಾ ಅಂದೆ?"

ಕತೆಯಿಲ್ಲ. ಎತ್ತಿ ಹೊರಗೆ ಕೂರಿಸಿ, ಒಳಗಿಂದ ಚಿಲಕ ಹಾಕ್ಕೊಂಡ. ಆಗ ನೋಡಿ, ಬಾಯಿ ಬಂತು ಹಾಲಮ್ಮನಿಗೆ!

"ಬಾಗಿಲು ತೆಗಿಯೋ!"

"ಪಾಸ್‌ವರ್ಡ್ ಹೇಳು!"

"ಮನೆಗೆಲ್ಲಿಯ ಪಾಸ್‌ವರ್ಡೋ, ಮುಂಡೇದೇ!"

"ತಪ್ಪು!"

"ಅಯ್ಯೋ, ನಾನು ನಿನ್ನ ಹೆತ್ತವ್ವ ಕಣೋ!"

"ಅದೂ ತಪ್ಪು!"

"ಹೌದಪ್ಪಾ! ನಿನ್ನ ಹೆತ್ತಿದ್ದೇ ನನ್ನ ತಪ್ಪು!"

"ಮೂರೂ ತಪ್ಪಾಯ್ತು ನೋಡು," ಅಂತ ದೀಪ ಆರಿಸಿದ ಕೊಟ್ರೇಶ. "ನಾಳೆ ಬಾ ಅವ್ವ."