ಮೊದಲ ಹಿಮದ ಪಾಲು

ಒಂದು ಕಾಡಿನಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಹಿಮ ಬೀಳುವ ದೂರದ ಕಾಡಿನಲ್ಲಿ, ಕಪ್ಪು ಮುಖದ, ಉದ್ದ ಬಾಲದ ಮುಸುವಗಳ ಸಂಸಾರವಿತ್ತು. ಅಪ್ಪ, ಅಮ್ಮ ಹಿಮವನ್ನೇ ಕಾಣದ ಬಿಸಿಲ ಕಾಡಿನಿಂದ ಹಡಗು ಹತ್ತಿ ಬಂದವರು. ಮಕ್ಕಳಾದ ಚಿಗುರಿ, ಮುದ್ದಿ ಹುಟ್ಟಿದ್ದು ಇಲ್ಲೇ. ಆದರೂ ಅಳಿಲುಗಳು, "ನಿನ್ನ ಕಾಡು ಯಾವುದು?" ಎಂದು ಚಿಗುರಿಯನ್ನು ದಿನವೂ ಕೇಳುತ್ತಿದ್ದವು. "ಇದೇ" ಎಂದು ಹೇಳಿ ಹೇಳಿ ಅವಳಿಗೆ ರೋಸಿಹೋಗಿತ್ತು. ಮನೆಗೆ ಬಂದರೆ ಅಮ್ಮ, "ಅಳಿಲಿನ ಹಾಗೆ ಆಡಬೇಡ, ನೀನು ಮುಸುವ!" ಎಂದು ಗದರುತ್ತಿದ್ದಳು.

ಅಲ್ಲಿಗೊಂದು ನರಿ ಬಂತು. "ನಾನೂ ನಿಮ್ಮ ಕಾಡಿನವನೇ. ಅಲ್ಲಿನ ರೀತಿ ರಿವಾಜೆಲ್ಲ ನನಗೆ ಗೊತ್ತು" ಎಂದಿತು. ಅಪ್ಪ ಅಮ್ಮನ ಕಣ್ಣಲ್ಲಿ ನೀರು ಬಂತು. ಹಿಂದೆ ಮುಂದೆ ನೋಡದೆ ಅದನ್ನೇ ಮನೆಗೆ ಹಿರಿಯನನ್ನಾಗಿ ಮಾಡಿಕೊಂಡರು.

ಚಳಿಗಾಲದಲ್ಲಿ ಮರದಲ್ಲಿ ಎಲೆಯಿರುವುದಿಲ್ಲ. ಅದಕ್ಕೇ ಚಿಗುರಿ ಅಳಿಲುಗಳಿಂದ ಕಲಿತು, ಬೇಸಿಗೆಯೆಲ್ಲ ಹಣ್ಣು, ಬೀಜ ಆರಿಸಿ ಪೊಟರೆಯಲ್ಲಿ ತುಂಬಿಟ್ಟಿದ್ದಳು. ನರಿ ಅದನ್ನು ಮೂಸಿ ನೋಡಿತು.

"ಛೀ! ಮುಸುವನ ಮಗಳು ಕೂಡಿಡೋದಾ? ನಮ್ಮ ಕಾಡಲ್ಲಿ ಇದ್ದದ್ದನ್ನೆಲ್ಲ ಹಿರಿಯರ ಮುಂದೆ ತಂದು ಸುರೀತಾರೆ."

"ಮತ್ತೆ ತಂಗಿ ಏನು ತಿನ್ನಬೇಕು?" ಚಿಗುರಿ ಸಿಡಿದಳು.

"ಬಾಯಿ ಮುಚ್ಚು. ನಮ್ಮ ಮರ್ಯಾದೆ ಕಳೀಬೇಡ" ಎಂದ ಅಪ್ಪ.

ದಿನವೂ ಪೊಟರೆಯ ಹಣ್ಣು ನರಿಯ ಪಾಲಾಯಿತು. ನರಿಯ ಹೊಟ್ಟೆ ಉಬ್ಬಿತು. ಪುಟ್ಟ ಮುದ್ದಿ ಹಸಿವು ತಾಳದೆ ಮರದ ತೊಗಟೆ ಕಡಿಯತೊಡಗಿದಳು. ಇಂಥ ಮರ್ಯಾದೆಗೆ ಬೆಂಕಿ ಬೀಳಲಿ!

ಕೊನೆಗೆ ಉಳಿದದ್ದು ಒಂದೇ ಹಿಡಿ ಬೀಜ. ಚಿಗುರಿ ಅದನ್ನು ಮುಷ್ಟಿಯಲ್ಲಿ ಹಿಡಿದು, ಅಪ್ಪ ಅಮ್ಮನ ಎದುರಿಗೇ ನರಿಯ ಮುಂದೆ ನಿಂತಳು.

"ಅಜ್ಜ, ನೀವೆಲ್ಲ ಬಿಟ್ಟು ಬಂದ ಕಾಡಲ್ಲಿ ಮೊದಲನೇ ಹಿಮ ಬಿದ್ದ ದಿನ ದೊಡ್ಡ ಹಬ್ಬವಂತೆ, ಹೌದಾ? ಆವತ್ತಿನ ಪಾಲು ಯಾರಿಗೆ?"

ನರಿಯ ಬಾಯಲ್ಲಿ ನೀರೂರಿತು. "ಹಿರಿಯರಿಗೇ ಮಗಳೇ, ಪೂರ್ತಿ! ನಿಮ್ಮಜ್ಜ ಮೊಣಕಾಲುದ್ದ ಹಿಮದಲ್ಲಿ ಹೊತ್ತು ತಂದು ಕೊಡ್ತಿದ್ದ. ನಾನೇ ಕಣ್ಣಾರೆ ಕಂಡಿದ್ದೀನಿ."

ಅಮ್ಮ ಬೆಚ್ಚಿಬಿದ್ದಳು. "ನಮ್ಮ ಕಾಡಲ್ಲಿ ಹಿಮವೇ ಬೀಳಲ್ವಲ್ಲ!"

ನರಿ ಇಂಗು ತಿಂದ ಮಂಗನಂತಾಯಿತು. ಅಪ್ಪ ಕೊಂಬೆ ಮುರಿದುಕೊಂಡು ಬೆನ್ನಟ್ಟಿದ. ಉಬ್ಬಿದ ಹೊಟ್ಟೆ ಹೊತ್ತು ಓಡಲಾಗದೆ ನರಿ ಹೆಜ್ಜೆ ಹೆಜ್ಜೆಗೂ ಪೆಟ್ಟು ತಿಂದು ಕಾಡು ಬಿಟ್ಟಿತು.

"ಕಳ್ಳ! ನಮಗೆ ಮೋಸ ಮಾಡಿದ" ಎಂದ ಅಪ್ಪ ಏದುಸಿರು ಬಿಡುತ್ತ.

ಚಿಗುರಿಯ ಸಿಟ್ಟು ಇಳಿದಿರಲಿಲ್ಲ. "ಅವನು ನಿಮ್ಮ ಕಾಡಿನ ಹೆಸರು ಹೇಳಿದ, ನಂಬಿದ್ರಿ. ತಂಗಿ ಹಸಿದಿದ್ದಾಳೆ ಅಂತ ನಾನು ಹೇಳಿದೆ. ನಿಮ್ಮ ಮಗಳನ್ನ ಯಾಕೆ ನಂಬಲಿಲ್ಲ?"

ಅಪ್ಪ ತಲೆ ತಗ್ಗಿಸಿದ. ಚಿಗುರಿ ಬೀಜವನ್ನೆಲ್ಲ ಮುದ್ದಿಯ ಕೈಗೆ ಹಾಕಿ, ಮುಸುವನ ಗತ್ತಿನಲ್ಲೇ ಬಾಲ ಎತ್ತಿಕೊಂಡು ಅಳಿಲುಗಳ ಹಾಗೆ ಹಿಮದಡಿಯ ಬೀಜ ಕೆದಕಲು ಹೊರಟಳು. ಸ್ವಲ್ಪ ಹೊತ್ತಿಗೆ ಅಮ್ಮನೂ ಮರದಿಂದ ಇಳಿದು ಬಂದಳು. "ಹೇಗೆ ಕೆದಕೋದು, ನನಗೂ ತೋರಿಸು" ಎಂದಳು.

ನೀತಿ: ತವರಿನ ಹೆಸರು ಹೇಳಿದವರನ್ನೆಲ್ಲ ನಂಬಿ ಹೆತ್ತ ಮಕ್ಕಳ ಮಾತನ್ನು ತಳ್ಳಿಹಾಕಿದರೆ, ಮೋಸಗಾರನ ಹೊಟ್ಟೆ ತುಂಬುತ್ತದೆ, ಮನೆಮಕ್ಕಳು ಉಪವಾಸ ಬೀಳುತ್ತಾರೆ.